ಹಟ್ಟಿಯಲ್ಲಿದ್ದ ಸ್ಪಿಟ್‌ಫೈರ್: ಉಜ್ಜಿದ ಒಂದೇ ವಾರಕ್ಕೆ ಮತ್ತೆ ತುಕ್ಕು, ಎಂತ ಮಾಡುವುದು?

ಮೂಡುಬಿದಿರೆ_ಹುಡುಗ · ಜನವರಿ 19

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೇ ಓದುತ್ತಿದ್ದೆ. ಇವತ್ತು ಮಾನ ಬಿಟ್ಟು ಕೇಳುತ್ತಿದ್ದೇನೆ.

ನಮ್ಮ ದನದ ಹಟ್ಟಿಯಲ್ಲಿ ಒಂದು ಟ್ರಯಂಫ್ ಸ್ಪಿಟ್‌ಫೈರ್ ಉಂಟು. ಎರಡೇ ಸೀಟಿನ ಓಪನ್ ಕಾರು. ಚಿಕ್ಕಜ್ಜ ಮೂಡಿಗೆರೆ ಕಡೆ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಊರಿಗೆ ವಾಪಸ್ ಹೊರಟ ದೊರೆ ಒಬ್ಬರು ಇವರಿಗೆ ಮಾರಿ ಹೋದದ್ದಂತೆ. 1984ರಲ್ಲಿ ಕ್ಲಚ್ ಹೋಯಿತು, ಹಟ್ಟಿಗೆ ತಳ್ಳಿದರು, ಅಲ್ಲಿಗೆ ಮುಗಿಯಿತು. ಆಮೇಲೆ ಅದರ ಮೇಲೆ ಬೈಹುಲ್ಲು, ಅಡಿಕೆ ಗೋಣಿ, ಹರಿದ ಚಾಪೆ. ಒಂದು ಹೇಂಟೆ ಮೊಟ್ಟೆ ಇಡಲು ಡ್ರೈವರ್ ಸೀಟನ್ನೇ ಆರಿಸಿಕೊಂಡಿತ್ತು.

ಮೊನ್ನೆ ನಾಲ್ಕು ಜನ ಸೇರಿ ಅಂಗಳಕ್ಕೆ ಎಳೆದೆವು. ಹೊಸ ಗ್ರೈಂಡರ್ ತಂದು, ವೈರ್ ಬ್ರಷ್ ಹಾಕಿ, ಒಂದೇ ಆದಿತ್ಯವಾರದಲ್ಲಿ ಬಾನೆಟ್ಟು ಮತ್ತು ಎರಡು ಬಾಗಿಲು ಉಜ್ಜಿ ಬೆಳ್ಳಿ ಹಾಗೆ ಮಾಡಿದೆ. ಸ್ಟೇಟಸ್‌ಗೂ ಹಾಕಿದೆ. ಸೋಮವಾರ ಮಂಗಳೂರಿಗೆ ಕೆಲಸಕ್ಕೆ ಹೋದೆ. ಶನಿವಾರ ಬಂದು ಟರ್ಪಾಲ್ ತೆಗೆದರೆ ಇಡೀ ಬಾನೆಟ್ ಕೇಸರಿ! ಒಂದು ಹನಿ ಮಳೆ ಬಂದಿಲ್ಲ. ಇದೆಂತ ಕರ್ಮ?

ಇನ್ನೊಂದು ಸಂಗತಿ. ಬಾಗಿಲ ಅಡಿಯಲ್ಲಿ ಉದ್ದಕ್ಕೆ ಇರುವ ಸಿಲ್ ಎರಡೂ ಕಡೆ ಹೋಗಿದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಾನು ಬ್ಯಾಂಕಿನಲ್ಲಿ ಲೆಕ್ಕ ನೋಡುವವ. ವೆಲ್ಡಿಂಗ್ ಗೊತ್ತಿಲ್ಲ, ಕಲಿಯುವ ಆಸೆ ಉಂಟು. ಮನೆಯಲ್ಲೇ ಮಾಡಬಹುದಾ? ಪತ್ತನಾಜೆಯೊಳಗೆ (ಮಳೆಗಾಲದ ಮೊದಲು, ಮೇ ಕೊನೆಗೆ ಬರುವ ನಮ್ಮ ತುಳುವರ ದಿನ) ಪೇಂಟ್ ಮುಗಿಸುವ ಅಂದಾಜು.

ಅಂಡೆಪಿರ್ಕಿ_19 · ಜನವರಿ 19

ಯಾವ ವರ್ಷದ ಪತ್ತನಾಜೆ ಎಂದು ಹೇಳಲಿಲ್ಲ ನೀವು.

ಹೆರಾಲ್ಡ್ ಮಾಮ · ಜನವರಿ 19

ತಮ್ಮಾ, ಅದು ಸ್ಪಿಟ್‌ಫೈರ್ ಆಗಿರಲಿಕ್ಕಿಲ್ಲ. ನಮ್ಮ ಕಡೆ ಟ್ರಯಂಫ್ ಅಂದರೆ ಹೆರಾಲ್ಡ್. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂದು ಮಾಡುತ್ತಿದ್ದರು, 1961ರಿಂದ. ನನ್ನ ಹತ್ತಿರ ಈಗಲೂ ಒಂದು ಉಂಟು, ಉಡುಪಿಯಲ್ಲಿ ನಾನೇ ಓಡಿಸುತ್ತೇನೆ. ಅದರ ತಗಡು ಕೊಯ್ದು ಓಪನ್ ಮಾಡಿದವರು ಬೇಕಾದಷ್ಟು ಜನ ಇದ್ದರು. ಎರಡೂ ಕಾರಿನ ಮೈ ಗೀಚಿದವರು ಒಬ್ಬರೇ, ಇಟಲಿಯ ಮಿಕೆಲೊಟ್ಟಿ. ಹಾಗಾಗಿ ಬಾನೆಟ್ ಎರಡರಲ್ಲೂ ಇಡಿಯಾಗಿ ಮುಂದಕ್ಕೆ ಮಗುಚುತ್ತದೆ. ಅದನ್ನು ನೋಡಿ ಮೋಸ ಹೋಗಬೇಡ. ಚಾಸಿ ನಂಬರ್ ಪ್ಲೇಟ್ ನೋಡಿ ಹೇಳು.

ಕೆಮಿಸ್ಟ್ರಿ ಮಿಸ್ · ಜನವರಿ 19

ಹೆಸರು ಯಾವುದೇ ಇರಲಿ, ತುಕ್ಕಿಗೆ ಅದು ಬರೇ ಕಬ್ಬಿಣ. 😄

ತುಕ್ಕಿಗೆ ಮಳೆಯೇ ಬರಬೇಕೆಂದಿಲ್ಲ. ಗಾಳಿಯ ತೇವ ಸುಮಾರು ಶೇಕಡಾ 60 ದಾಟಿದರೆ ಸಾಕು, ಬರಿ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ನೀರಿನ ಪದರ ಕೂರುತ್ತದೆ. ನಮ್ಮಲ್ಲಿ ಜನವರಿ ಬೆಳಿಗ್ಗೆಯೂ ಅಷ್ಟು ತೇವ ಇದ್ದೇ ಇರುತ್ತದೆ. ಜೊತೆಗೆ ನಿಮ್ಮ ಟರ್ಪಾಲು. ರಾತ್ರಿ ನೆಲದಿಂದ ಏಳುವ ಹಬೆ ಅದರ ಅಡಿಯಲ್ಲೇ ನಿಂತು ಬೆವರುತ್ತದೆ. ಒಣಗಲಿ ಎಂದು ಮುಚ್ಚಿದಿರಿ, ಅದು ಇಡ್ಲಿ ಪಾತ್ರೆ ಆಯಿತು.

ಮೂಡುಬಿದಿರೆ_ಹುಡುಗ · ಜನವರಿ 20

ಇಡ್ಲಿ ಪಾತ್ರೆ! ಅಮ್ಮನಿಗೆ ಓದಿ ಹೇಳಿದೆ, ಅರ್ಧ ಗಂಟೆ ನಕ್ಕರು.

ಮಾಮ, ಪ್ಲೇಟ್ ಸಿಕ್ಕಿತು. ಸೀಮೆಎಣ್ಣೆ ಹಾಕಿ ಉಜ್ಜಿದ ಮೇಲೆ ಎಫ್‌ಡಿ ಎಂದು ಶುರುವಾಗುವ ನಂಬರ್ ಕಾಣುತ್ತದೆ. ಮುಂದಿನ ಬಂಪರ್ ಗ್ರಿಲ್‌ಗೆ ಅಡ್ಡವಾಗಿ ಮೇಲೆಯೇ ಕೂತಿದೆ.

ಹೆರಾಲ್ಡ್ ಮಾಮ · ಜನವರಿ 20

ಎಫ್‌ಡಿ ಅಂದರೆ ಸ್ಪಿಟ್‌ಫೈರ್ ಮಾರ್ಕ್ 3. 1967ರಿಂದ 1970ರವರೆಗೆ ಬಂದದ್ದು, 1296 ಸಿಸಿ ಎಂಜಿನ್. ಬಂಪರ್ ಮೇಲೆ ಇರುವುದೂ ಅದರದ್ದೇ ಗುರುತು. ಸರಿ, ನಾನು ಹೇಳಿದ್ದು ತಪ್ಪಾಯಿತು. ಹೆರಾಲ್ಡ್ ಎಂಬ ಸಂಶಯವನ್ನು ವಾಪಸ್ ತೆಗೆದುಕೊಂಡೆ.

ಕುಂದಾಪ್ರ ಬುಲೆಟ್ · ಜನವರಿ 20

ಮಾಮ ತಪ್ಪು ಒಪ್ಪಿಕೊಂಡರು! ಈ ಪೋಸ್ಟಿಗೆ ಫ್ರೇಮ್ ಹಾಕಿಸಿ ಮಾರಾಯ್ರೆ.

ಮಲ್ಪೆ ದಕ್ಕೆ · ಜನವರಿ 20

ನಾನು ಮಲ್ಪೆಯಲ್ಲಿ ಸ್ಟೀಲ್ ಬೋಟುಗಳ ಪೇಂಟ್ ಕೆಲಸ ಮಾಡಿಸುವವ. ಕಾರಿನ ಬಗ್ಗೆ ಗೊತ್ತಿಲ್ಲ, ತುಕ್ಕಿನ ಬಗ್ಗೆ ಚೆನ್ನಾಗಿ ಗೊತ್ತು.

ನೀವು ಮಾಡಿದ ತಪ್ಪು ಉಜ್ಜಿದ್ದಲ್ಲ. ಬಣ್ಣ ಕೈಯಲ್ಲಿಲ್ಲದೆ ಉಜ್ಜಿದ್ದು. ನಮ್ಮಲ್ಲಿ ಲೆಕ್ಕ ಹೀಗೆ: ಇವತ್ತು ಸಂಜೆಯೊಳಗೆ ಎಷ್ಟು ಜಾಗಕ್ಕೆ ಪ್ರೈಮರ್ ಹೊಡೆಯಲು ಆಗುತ್ತದೋ ಅಷ್ಟೇ ಜಾಗ ಇವತ್ತು ಬೆಳಿಗ್ಗೆ ಉಜ್ಜುವುದು. ಒಂದು ಚದರ ಅಡಿ ಹೆಚ್ಚಿಗೆ ಉಜ್ಜಿದರೂ ನಾಳೆ ಮತ್ತೆ ಅದೇ ಕೆಲಸ.

ಉಜ್ಜಿದ ಮೇಲೆ ಸಿಹಿ ನೀರಿನಲ್ಲಿ ತೊಳೆಯಬೇಕು. ನೀರಾ ಎಂದು ಗಾಬರಿ ಬೀಳಬೇಡಿ. ತುಕ್ಕಿನ ಸಣ್ಣ ಗುಂಡಿಗಳ ಒಳಗೆ ಉಪ್ಪು ಕೂತಿರುತ್ತದೆ. ಬ್ರಷ್ಷಿಗೆ ಅದು ಹೋಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಅದು ಒಳಗಿದ್ದರೆ ಮೇಲಿಂದ ಚಿನ್ನದ ನೀರು ಕೊಟ್ಟರೂ ಗುಳ್ಳೆ ಬರುತ್ತದೆ. ತೊಳೆದ ಕೂಡಲೇ ಹಾಟ್ ಗನ್ ಹಿಡಿದು ಒಣಗಿಸಿ, ಬಟ್ಟೆಯಲ್ಲಿ ಥಿನ್ನರ್ ಹಾಕಿ ಒರೆಸಿ, ಎಪಾಕ್ಸಿ ಪ್ರೈಮರ್ ಹೊಡೆಯಿರಿ.

ಹೊತ್ತು ಮುಖ್ಯ. ತಗಡಿನ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ ಕಡಿಮೆ ಎಂದರೂ 3 ಡಿಗ್ರಿ ಮೇಲಿರಬೇಕು. ಮೀಟರ್ ಇಲ್ಲದಿದ್ದರೆ ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಮಾತ್ರ ಪೇಂಟ್ ಮುಟ್ಟಿ. ಸಂಜೆ ಕಡಲ ಗಾಳಿ ತಿರುಗಿದ ಮೇಲೆ ಬ್ರಷ್ ತೊಳೆದಿಟ್ಟು ಮೀನು ತರಲಿಕ್ಕೆ ಹೋಗಿ.

ಅಂಡೆಪಿರ್ಕಿ_19 · ಜನವರಿ 20

ಕೊನೆಯ ಸಲಹೆಯನ್ನು ನಾನು ಇವತ್ತಿನಿಂದಲೇ ಪಾಲಿಸುತ್ತೇನೆ.

ದುಬಾಯಿ ರಿಟರ್ನ್ · ಜನವರಿ 21

ಇಷ್ಟೆಲ್ಲ ಯಾಕೆ? ರೆಡ್ ಆಕ್ಸೈಡ್ ಒಂದು ಡಬ್ಬ ಬಳಿದು ಬಿಡಿ. ಗೇಟಿಗೆ, ಗ್ರಿಲ್‌ಗೆ ಎಲ್ಲ ಅದೇ ಅಲ್ವಾ ಬಳಿಯುವುದು?

ಮಲ್ಪೆ ದಕ್ಕೆ · ಜನವರಿ 21

ನಿಮ್ಮ ಗೇಟನ್ನು ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯುತ್ತೀರಿ ಅಲ್ವಾ? ಅದೇ ಉತ್ತರ. ಸಾದಾ ರೆಡ್ ಆಕ್ಸೈಡ್ ಮೇಲೆ ಟಾಪ್ ಕೋಟ್ ಇಲ್ಲದಿದ್ದರೆ ನೀರು ಒಳಗೆ ಇಳಿಯುತ್ತದೆ. ಮೇಲಿಂದ ಕೆಂಪು, ಒಳಗಿನ ತುಕ್ಕೂ ಕೆಂಪು. ಗೊತ್ತಾಗುವಾಗ ತೂತು ಬಿದ್ದಿರುತ್ತದೆ.

ಕುಂದಾಪ್ರ ಬುಲೆಟ್ · ಜನವರಿ 21

ಸಣ್ಣ ಸಾಮಾನಿಗೆ ಬಿಂಬುಳಿ ಹಣ್ಣು ಅರೆದು ಹಚ್ಚಿ. ನಮ್ಮ ಅಜ್ಜಿ ದೀಪ, ಕತ್ತಿ ಎಲ್ಲ ಅದರಲ್ಲೇ ಬೆಳಗುತ್ತಿದ್ದರು. ತಮಾಷೆ ಅಲ್ಲ. ಬುಲೆಟ್ಟಿನ ಚೈನ್ ಕವರ್ ಬೋಲ್ಟುಗಳನ್ನು ನಾನು ಹಾಗೇ ಮಾಡಿದ್ದು.

ಕೆಮಿಸ್ಟ್ರಿ ಮಿಸ್ · ಜನವರಿ 21

ಸುಮ್ನೆ ನಗಬೇಡಿ, ಅವರು ಹೇಳಿದ್ದು ಸರಿ. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಸಿಡ್ ಇರುತ್ತದೆ, ಅದು ತುಕ್ಕನ್ನು ಕರಗಿಸುತ್ತದೆ. ಆದರೆ ಒಂದು ಕಾರಿಗೆ ಬೇಕಾದಷ್ಟು ಬಿಂಬುಳಿ ತೆಗೆದರೆ ಮೂಡುಬಿದಿರೆಯಲ್ಲಿ ಯಾರಿಗೂ ಉಪ್ಪಿನಕಾಯಿ ಇರುವುದಿಲ್ಲ.

ಕಾಕಂಬಿಯೂ ನಡೆಯುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು, ಒಳಗೆ ಮುಳುಗಿಸಿ ಎರಡು ಮೂರು ವಾರ ಬಿಡುವುದು. ಲೋಹಕ್ಕೆ ಹೆಚ್ಚು ಪೆಟ್ಟಿಲ್ಲ. ವಾಸನೆ ಮಾತ್ರ ದೇವರಿಗೇ ಪ್ರೀತಿ.

ಬೇಗ ಆಗಬೇಕಾದರೆ ಎಲೆಕ್ಟ್ರೊಲಿಸಿಸ್. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 10 ಲೀಟರ್ ನೀರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ. ಹಳೆ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್ ತನ್ನಿ. ಹೊಸ ಸ್ಮಾರ್ಟ್ ಚಾರ್ಜರ್‌ಗಳು ಬ್ಯಾಟರಿ ಕಾಣದಿದ್ದರೆ ಶುರುವೇ ಆಗುವುದಿಲ್ಲ. ಮೈನಸ್ ವೈರು ನಿಮ್ಮ ಸಾಮಾನಿಗೆ. ಪ್ಲಸ್ ವೈರು ಯಾವುದಾದರೂ ಹಾಳು ಕಬ್ಬಿಣದ ತುಂಡಿಗೆ. ಇದು ಅದಲು ಬದಲಾದರೆ ನಿಮ್ಮ ಸಾಮಾನೇ ಕರಗುತ್ತದೆ.

ಗಟ್ಟಿಯಾಗಿ ಮೂರು ಮಾತು. ಪ್ಲಸ್ ಕಡೆಗೆ ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಕಟ್ಟಬೇಡಿ. ಅದರಲ್ಲಿ ಕ್ರೋಮಿಯಂ ಇದೆ, ಆ ನೀರು ವಿಷ ಆಗುತ್ತದೆ. ಹೈಡ್ರೋಜನ್ ಏಳುತ್ತದೆ, ಹಾಗಾಗಿ ಬಯಲಿನಲ್ಲೇ ಇಡಿ, ಹತ್ತಿರ ಬೀಡಿ ಬೇಡ. ಅಲ್ಯುಮಿನಿಯಂ ಹಾಕಬೇಡಿ. ನಿಮ್ಮ ಕಾರಿನ ಎಸ್‌ಯು ಕಂಪನಿಯ ಕಾರ್ಬುರೇಟರ್ ಅಲ್ಯುಮಿನಿಯಂ, ಸೋಡಾ ಅದನ್ನು ತಿಂದು ಹಾಕುತ್ತದೆ.

ಹೆರಾಲ್ಡ್ ಮಾಮ · ಜನವರಿ 21

ಸ್ಪ್ರಿಂಗ್ ಕೂಡ ಹಾಕಬಾರದು ಮಿಸ್. ಗಟ್ಟಿ ಉಕ್ಕಿಗೆ ಹೈಡ್ರೋಜನ್ ಹೊಕ್ಕರೆ ಗಾಜಿನ ಹಾಗೆ ಮುರಿಯುತ್ತದೆ.

ಕೆಮಿಸ್ಟ್ರಿ ಮಿಸ್ · ಜನವರಿ 21

ಹೌದು, ಅದನ್ನು ಬಿಟ್ಟೆ. ಥ್ಯಾಂಕ್ಸ್ ಮಾಮ.

ದುಬಾಯಿ ರಿಟರ್ನ್ · ಜನವರಿ 22

ಬೋಟಿನ ಅಡಿಗೆ ಸತುವಿನ ಗಟ್ಟಿ ಹೊಡೆಯುತ್ತಾರಲ್ಲ, ಅದನ್ನು ಕಾರಿನ ಚಾಸಿಗೆ ನಾಲ್ಕು ಬೋಲ್ಟ್ ಮಾಡಿದರೆ ತುಕ್ಕೇ ಹಿಡಿಯುವುದಿಲ್ಲ. ಯಾರಿಗೂ ಈ ಐಡಿಯಾ ಬಂದಿಲ್ಲ ನೋಡಿ.

ಮಲ್ಪೆ ದಕ್ಕೆ · ಜನವರಿ 22

ಬಂದಿಲ್ಲ, ಯಾಕೆಂದರೆ ಆಗುವುದಿಲ್ಲ. ಬೋಟು ಮತ್ತು ಸತು ಎರಡೂ ಒಂದೇ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಅದು ಕೆಲಸ ಮಾಡುವುದು. ಅಣ್ಣ, ನೀವು ಕಾರನ್ನು ಸಮುದ್ರದಲ್ಲಿ ಪಾರ್ಕ್ ಮಾಡುವುದಾದರೆ ಹೇಳಿ, ಸತು ನಾನೇ ಕೊಡುತ್ತೇನೆ.

ಕಾರ್ಕಳ ಬಸ್ಸು · ಜನವರಿ 23

ನಮ್ಮ ತಂದೆ ಬಸ್ಸಿನಲ್ಲಿ ಡ್ರೈವರ್ ಇದ್ದರು. ಮಳೆಗಾಲ ಶುರುವಾಗುವ ಮೊದಲು ಬಸ್ಸಿನ ಅಡಿಗೆ ಹಳೆ ಎಂಜಿನ್ ಆಯಿಲ್, ಡೀಸೆಲ್ ಬೆರೆಸಿ ಸ್ಪ್ರೇ ಮಾಡುತ್ತಿದ್ದರು. ಏನೂ ಆಗುತ್ತಿರಲಿಲ್ಲ. ನೀವೂ ಈಗಲೇ ಅದನ್ನು ಹೊಡೆದಿಡಿ. ಮತ್ತೆ ನಿಧಾನಕ್ಕೆ ಪೇಂಟ್ ನೋಡಿದರಾಯಿತು.

ಟಿಂಕರ್ ಪಡೀಲ್ · ಜನವರಿ 23

ದಯವಿಟ್ಟು ಬೇಡ! ಎಣ್ಣೆ ಕುಡಿದ ತಗಡಿಗೆ ಪೇಂಟ್ ಹಿಡಿಯುವುದಿಲ್ಲ, ವೆಲ್ಡಿಂಗ್ ಮಾಡಲು ಹೋದರೆ ಹೊಗೆ, ಬೆಂಕಿ. ಎಣ್ಣೆ ಹೊಡೆಯುವುದು ಎಲ್ಲ ಮುಗಿದ ಮೇಲೆ, ಸಿಲ್ಲಿನ ಹೊಟ್ಟೆ ಒಳಗೆ. ಅದೂ ಹಳೆ ಎಂಜಿನ್ ಆಯಿಲ್ ಅಲ್ಲ, ಅದರಲ್ಲಿ ಆಸಿಡ್ ಇರುತ್ತದೆ, ಮೈಗೂ ಒಳ್ಳೆಯದಲ್ಲ.

ಮಲ್ಪೆ ದಕ್ಕೆ · ಜನವರಿ 23

ಎಣ್ಣೆ ಎಂದಾಗ ನೆನಪಾಯಿತು. ಮೀನೆಣ್ಣೆ ತುಕ್ಕನ್ನು ನಿಲ್ಲಿಸುತ್ತದೆ ಎಂಬುದು ಕಡಲಿನವರಿಗೆ ಹಳೆ ವಿದ್ಯೆ. ಅಮೆರಿಕದ ರಸ್ಟ್‌ಓಲಿಯಂ ಪೇಂಟ್ ಕಂಪನಿ ಶುರುವಾದದ್ದೇ ಹಾಗೆ. ಹಡಗಿನ ತುಕ್ಕು ಹಿಡಿದ ಡೆಕ್ ಮೇಲೆ ಮೀನೆಣ್ಣೆ ಚೆಲ್ಲಿದ ಜಾಗದಲ್ಲಿ ತುಕ್ಕು ನಿಂತದ್ದನ್ನು ಒಬ್ಬ ಕ್ಯಾಪ್ಟನ್ ಗಮನಿಸಿದ್ದರು.

ಅಂಡೆಪಿರ್ಕಿ_19 · ಜನವರಿ 23

ಬೂತಾಯಿ ಎಣ್ಣೆ ಹಚ್ಚಿದ ಸ್ಪೋರ್ಟ್ಸ್ ಕಾರು. ಮೂಡುಬಿದಿರೆಯಿಂದ ಹೊರಟರೆ ಮಂಗಳೂರು ಮುಟ್ಟುವಾಗ ಹಿಂದೆ ನಲವತ್ತು ಬೆಕ್ಕು.

ಮೂಡುಬಿದಿರೆ_ಹುಡುಗ · ಫೆಬ್ರವರಿ 2

ಅಪ್‌ಡೇಟ್. ದಕ್ಕೆಯವರು ಹೇಳಿದ ಹಾಗೇ ಬಾನೆಟ್ಟನ್ನು ನಾಲ್ಕು ಭಾಗ ಮಾಡಿ, ದಿನಕ್ಕೆ ಒಂದು ಭಾಗ ಮುಗಿಸಿದೆ. ಎರಡು ವಾರಾಂತ್ಯ ಹಿಡಿಯಿತು. ಹೊಡೆದ ಪ್ರೈಮರ್ ಒಂದು ವಾರ ಬಿಟ್ಟು ನೋಡಿದರೂ ಬೂದು ಬಣ್ಣದಲ್ಲೇ ಇತ್ತು. ಕಣ್ಣೀರು ಬರುವುದೊಂದು ಬಾಕಿ.

ಫೋಟೋ ಹಾಕಿದ್ದೇನೆ. ಚಕ್ರ ನಾಲ್ಕೂ ತೆಗೆದೆ, ಅಡಿಗೆ ಹೋಗಿ ಉಜ್ಜಬೇಕಲ್ಲ. ಕಾರನ್ನು ಕೆಂಪು ಕಲ್ಲಿನ ಮೇಲೆ ಕೂರಿಸಿದ್ದೇನೆ. ಮನೆ ಕಟ್ಟಿ ಉಳಿದ ಕಲ್ಲು ರಾಶಿ ಇತ್ತು.

ಟಿಂಕರ್ ಪಡೀಲ್ · ಫೆಬ್ರವರಿ 2

ಅಡಿಯಿಂದ ಹೊರಗೆ ಬನ್ನಿ. ಈಗಲೇ.

ಹೆರಾಲ್ಡ್ ಮಾಮ · ಫೆಬ್ರವರಿ 2

ಅಯ್ಯೋ ದೇವರೇ. ತಮ್ಮಾ, ಕೆಂಪು ಕಲ್ಲು ಗೋಡೆಗೆ. ಜಾಕಿಯ ಬದಲಿಗೆ ಅಲ್ಲ.

ಟಿಂಕರ್ ಪಡೀಲ್ · ಫೆಬ್ರವರಿ 2

ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ. ಕಾರಿನ ಚಾಸಿ ಒಂದೇ ಜಾಗದಲ್ಲಿ ಒತ್ತುತ್ತದೆ. ಕೆಂಪು ಕಲ್ಲಿನ ಒಳಗೆ ಜೇಡಿ, ತೂತು ಇರುತ್ತದೆ. ಮೊದಲೇ ಹೇಳಿ ಒಡೆಯುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ನಿಮ್ಮ ಕಾರು ಹೆಚ್ಚೆಂದರೆ 700 ಕಿಲೋ ಚಿಲ್ಲರೆ. ಎದೆ ಮೇಲೆ ಬೀಳಲು ಅಷ್ಟು ಸಾಕು. ನಾನು ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ ವರ್ಷ ಹೀಗೇ ಒಬ್ಬರ ಕೈ ಹೋದದ್ದು ಕಣ್ಣಾರೆ ನೋಡಿದ್ದೇನೆ. ಜಾಕಿ ಸ್ಟ್ಯಾಂಡ್ ನಾಲ್ಕು ತನ್ನಿ. ತರುವವರೆಗೆ ಅಡಿಗೆ ಹೋಗಬೇಡಿ.

ಮೂಡುಬಿದಿರೆ_ಹುಡುಗ · ಫೆಬ್ರವರಿ 3

ಸ್ಟ್ಯಾಂಡ್ ಬಂತು. ಕಾರು ಎತ್ತಿದ ಮೇಲೆ ಒಂದು ಕಲ್ಲನ್ನು ಕಾಲಿನಿಂದ ತಳ್ಳಿದೆ, ಎರಡು ಹೋಳಾಯಿತು. ಅಮ್ಮನಿಗೆ ಇದನ್ನು ಓದಿ ಹೇಳಿಲ್ಲ.

ದುಬಾಯಿ ರಿಟರ್ನ್ · ಫೆಬ್ರವರಿ 9

ಎಂಜಿನ್ ಕತೆ ಎಂತ? ನಲವತ್ತು ವರ್ಷ ನಿಂತದ್ದು ಅಂದರೆ ಜಾಮ್ ಆಗಿರುತ್ತದೆ. ನನ್ನ ಮಾತು ಕೇಳಿ, ಮಾರುತಿ ಜಿಪ್ಸಿಯ 1300 ಎಂಜಿನ್ ಕೂರಿಸಿ. ಗುಜರಿಯಲ್ಲಿ ಸಿಗುತ್ತದೆ, ಮೈಲೇಜ್ ಉಂಟು, ಪಾರ್ಟ್ಸ್ ಹಂಪನಕಟ್ಟೆಯಲ್ಲೇ ಉಂಟು. ಎಸಿ ಕೂಡ ಹಾಕಿಸಬಹುದು.

ಹೆರಾಲ್ಡ್ ಮಾಮ · ಫೆಬ್ರವರಿ 9

ಓಪನ್ ಕಾರಿಗೆ ಎಸಿ. ನಾನು ಇವತ್ತು ಊಟ ಮಾಡುವುದಿಲ್ಲ.

ಆರ್‌ಟಿಒ ಅಲೆದವ · ಫೆಬ್ರವರಿ 9

ಎಂಜಿನ್ ಬದಲಿಸುವ ಮೊದಲು ಕಾಗದ ಪತ್ರ ನೋಡಿ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೆ ಬೇರೆಯೇ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಮೂಲದ ಹಾಗೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಗುತ್ತದೆ. ಮತ್ತೆ ಮುಂದುವರಿಸಲು 5,000. ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಎಂದು ಬರುತ್ತದೆ. ಹಳೆಯ ನಂಬರ್ ಇದ್ದವರು ಅದನ್ನೇ ಉಳಿಸಿಕೊಳ್ಳಬಹುದು. ಜಿಪ್ಸಿ ಎಂಜಿನ್ ಕೂತರೆ ಇದೆಲ್ಲ ಮರೆತುಬಿಡಿ.

ಇನ್ನೊಂದು, ವಿಂಟೇಜ್ ಎಂದು ಮಾಡಿಸಿದರೆ ದಿನಾ ಬ್ಯಾಂಕಿಗೆ ಅದರಲ್ಲಿ ಹೋಗುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್, ರಿಪೇರಿ, ಅಷ್ಟಕ್ಕೆ ಮಾತ್ರ.

ಆರ್‌ಸಿ ಯಾರ ಹೆಸರಲ್ಲಿ ಉಂಟು?

ಮೂಡುಬಿದಿರೆ_ಹುಡುಗ · ಫೆಬ್ರವರಿ 9

ಚಿಕ್ಕಜ್ಜನ ಹೆಸರಲ್ಲಿ. ಹಳೆ ಪುಸ್ತಕ ಪೆಟ್ಟಿಗೆಯಲ್ಲಿ ಸಿಕ್ಕಿತು, ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್. ಚಿಕ್ಕಜ್ಜನಿಗೆ ಮೂವರು ಮಕ್ಕಳು, ಒಬ್ಬರು ಮುಂಬಯಿಯಲ್ಲಿ. ಇಷ್ಟು ವರ್ಷ ಯಾರಿಗೂ ಕಾರು ಬೇಡ ಇತ್ತು. ಸ್ಟೇಟಸ್ ನೋಡಿದ ಮೇಲೆ ಮುಂಬಯಿ ಮಾವ ಫೋನ್ ಮಾಡಿ "ನಮ್ಮ ಕಾರು ಹೇಗುಂಟು" ಎಂದು ಕೇಳಿದರು.

ಆರ್‌ಟಿಒ ಅಲೆದವ · ಫೆಬ್ರವರಿ 9

"ನಮ್ಮ ಕಾರು" ಎಂದರಾ? ಹಾಗಾದರೆ ಮೊದಲು ಮೂವರ ಸಹಿ. ತುಕ್ಕು ಆಮೇಲೆ.

ಕುಂದಾಪ್ರ ಬುಲೆಟ್ · ಫೆಬ್ರವರಿ 9

ಇದು ನೂರಕ್ಕೆ ನೂರು ನಿಜ. ನಮ್ಮಲ್ಲಿ ಒಂದು ಹಳೆ ಗೋಡೆ ಗಡಿಯಾರಕ್ಕೆ ಎರಡು ಮನೆ ಮಾತು ಬಿಟ್ಟಿವೆ. ಅದು ಓಡುವುದೂ ಇಲ್ಲ.

ಹೆರಾಲ್ಡ್ ಮಾಮ · ಫೆಬ್ರವರಿ 10

ಎಂಜಿನ್ ಜಾಮ್ ಎಂದು ಯಾರು ನೋಡಿದ್ದಾರೆ? ಸ್ಪಾರ್ಕ್ ಪ್ಲಗ್ ನಾಲ್ಕೂ ತೆಗೆದು ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆ ಬೆರೆಸಿ ಸಿಲಿಂಡರಿಗೆ ಬಿಡಿ. ಎರಡು ವಾರ ಮುಟ್ಟಬೇಡಿ. ಆಮೇಲೆ ಪುಲ್ಲಿ ಬೋಲ್ಟಿಗೆ ಪಾನಾ ಹಾಕಿ ಹಿಂದೆ ಮುಂದೆ ಮೆಲ್ಲ ಅಲುಗಾಡಿಸಿ. ಎಳೆದು ಸ್ಟಾರ್ಟ್ ಮಾಡುವ ಹುಚ್ಚು ಬೇಡ.

ತಿರುಗಿದರೆ ಇನ್ನೊಂದು ಪರೀಕ್ಷೆ. ಒಬ್ಬರು ಕ್ಲಚ್ ಒತ್ತಲಿ, ನೀವು ಮುಂದಿನ ಪುಲ್ಲಿ ನೋಡಿ. ಅದು ಕಣ್ಣಿಗೆ ಕಾಣುವಷ್ಟು ಮುಂದೆ ಬಂದರೆ ಕ್ರ್ಯಾಂಕ್ ಹಿಂದೆ ಮುಂದೆ ಜಾರದ ಹಾಗೆ ಹಿಡಿಯುವ ಥ್ರಸ್ಟ್ ವಾಷರ್ ಸವೆದಿದೆ. ಈ ಎಂಜಿನ್ನಿನ ಹಳೆ ರೋಗ ಅದು. 0.1ರಿಂದ 0.2 ಮಿಲಿಮೀಟರ್ ಆಟ ಇರಬಹುದು, ಅದಕ್ಕಿಂತ ಜಾಸ್ತಿ ಇದ್ದು ಓಡಿಸಿದರೆ ವಾಷರ್ ಕಳಚಿ ಕೆಳಗೆ ಬೀಳುತ್ತದೆ, ಬ್ಲಾಕೇ ಹೋಗುತ್ತದೆ.

1971ರ ಹೊತ್ತಿಗೆ ನಮ್ಮ ತಂದೆ ಹೆರಾಲ್ಡಿನಲ್ಲಿ ಚಾರ್ಮಾಡಿ ಹತ್ತಿಸುತ್ತಿದ್ದರು. ಅರ್ಧ ಘಾಟಿಯಲ್ಲಿ ರೇಡಿಯೇಟರ್ ಕುದಿಯುತ್ತಿತ್ತು. ಬಾನೆಟ್ ಮಗುಚಿ ನಾವು ಮಕ್ಕಳೆಲ್ಲ ಮುಂದಿನ ಟೈರ್ ಮೇಲೆ ಕೂತು ಚಕ್ಕುಲಿ ತಿನ್ನುವುದು. ಎಂಜಿನ್ ತಣಿಯುವವರೆಗೆ ಅಮ್ಮ ತೊರೆಯಿಂದ ನೀರು ತರುತ್ತಿದ್ದರು. ಯಾವ ಹೊಸ ಕಾರಿನಲ್ಲಿ ಹಾಗೆ ಕೂತುಕೊಳ್ಳಲು ಆಗುತ್ತದೆ ಹೇಳಿ. ತಿರುಗಿಸಲಿಕ್ಕೆ 25 ಅಡಿ ಜಾಗ ಸಾಕು ಅದಕ್ಕೆ. ರಥಬೀದಿಯಲ್ಲಿ ರಿಕ್ಷಾದವರೇ ನನ್ನನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಾರೆ.

ಅಂಡೆಪಿರ್ಕಿ_19 · ಫೆಬ್ರವರಿ 10

ಅಮ್ಮ ನೀರು ಹೊರುವುದು, ನೀವು ಚಕ್ಕುಲಿ ತಿನ್ನುವುದು. ಹೆರಾಲ್ಡ್‌ಗಿಂತ ಅದು ನೆನಪಿರಬೇಕಿತ್ತು ಮಾಮ.

ಹೆರಾಲ್ಡ್ ಮಾಮ · ಫೆಬ್ರವರಿ 10

ನೆನಪು ಉಂಟು. ಅದಕ್ಕೇ ಬರೆದದ್ದು.

ಮೂಡುಬಿದಿರೆ_ಹುಡುಗ · ಮಾರ್ಚ್ 16

ದೊಡ್ಡ ಎಡವಟ್ಟಾಗಿದೆ.

ಊರಿನ ಒಬ್ಬ ವೆಲ್ಡಿಂಗಿನವರನ್ನು ಕರೆಸಿದ್ದೆ. ಸಿಲ್ ತೋರಿಸಿ, ಅಳತೆ ತೆಗೆಯಿರಿ ಎಂದು ಹೇಳಿ ಬ್ಯಾಂಕಿಗೆ ಹೋದೆ. ಸಂಜೆ ಬಂದಾಗ ಎಡಗಡೆಯ ಸಿಲ್ ಪೂರ್ತಿ ಕೊಯ್ದು ಅಂಗಳದಲ್ಲಿ ಬಿಸಾಡಿದ್ದರು. ಸಹಾಯ ಮಾಡಿದ ಖುಷಿ ಬೇರೆ. ಈಗ ಎಡಗಡೆಯ ಬಾಗಿಲು ಮುಚ್ಚುವುದಿಲ್ಲ. ಮೇಲೆ ಗ್ಯಾಪ್ ಒಂದು ಬೆರಳೂ ಇಲ್ಲ, ತಾಗುತ್ತದೆ. ಕೆಳಗೆ ಮಾತ್ರ ಅಗಲ ಆಗಿದೆ. ಕಾರು ಮುಗಿಯಿತಾ?

ಟಿಂಕರ್ ಪಡೀಲ್ · ಮಾರ್ಚ್ 16

ಮುಗಿದಿಲ್ಲ. ಉಸಿರು ಬಿಡಿ. ಬಲಗಡೆಯದ್ದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ, ಅಷ್ಟು ಸಾಕು ಈಗ.

ಏನಾಯಿತು ಎಂದರೆ, ಹೆರಾಲ್ಡಿನ ಚಾಸಿಗೆ ಎರಡೂ ಬದಿಗೆ ಕೈ ಚಾಚಿದ ಹಾಗೆ ಕಬ್ಬಿಣ ಉಂಟು, ಬಾಡಿ ಅದರ ಮೇಲೆ ಕೂರುತ್ತದೆ. ಸ್ಪಿಟ್‌ಫೈರ್‌ಗೆ ನಡುವೆ ಬೆನ್ನೆಲುಬು ಮಾತ್ರ. ಬದಿಯ ಬಲವೆಲ್ಲ ಸಿಲ್ಲಿನದ್ದು. ಮೇಲೆ ಛಾವಣಿಯೂ ಇಲ್ಲ. ಸಿಲ್ ಕೊಯ್ದರೆ ಬಾಡಿ ನಡುವಿನಲ್ಲಿ ಜೋಲುತ್ತದೆ, ಬಾಗಿಲ ಎರಡೂ ಕಂಬ ಮೇಲ್ಗಡೆ ಒಂದಕ್ಕೊಂದು ವಾಲುತ್ತವೆ. ನೀವು ಹೇಳಿದ ಗ್ಯಾಪ್ ಅದೇ. ಕೊಯ್ಯುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಪೈಪ್ ವೆಲ್ಡ್ ಮಾಡಬೇಕಿತ್ತು.

ಈಗ ಮಾಡುವುದು ಇದು. ಒಂದು ಟರ್ನ್‌ಬಕಲ್ (ತಿರುಗಿಸಿದರೆ ಉದ್ದ ಗಿಡ್ಡ ಆಗುವ ಸ್ಕ್ರೂ) ತನ್ನಿ, ಎರಡೂ ತುದಿಗೆ ಪೈಪ್ ವೆಲ್ಡ್ ಮಾಡಿ, ಎರಡು ಕಂಬದ ಮೇಲ್ಭಾಗಕ್ಕೆ ಅಡ್ಡ ಹಿಡಿಸಿ. ದಿನಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಿ ಅಗಲಿಸಿ. ಪ್ರತಿ ಸಲ ಬಾಗಿಲು ಕೂರಿಸಿ ನೋಡಿ. ಬಲಗಡೆಯ ಗ್ಯಾಪ್ ಅಳೆದು ಬರೆದಿಡಿ, ಅದೇ ನಿಮ್ಮ ನಕ್ಷೆ. ಅದಕ್ಕೆ ಹೊಂದಿದ ಮೇಲೆ ಸಿಲ್. ಅದು ಒಂದು ತಗಡಲ್ಲ, ಮೂರು: ಒಳಗಿನದ್ದು, ನಡುವಿನ ಬಲದ ಪಟ್ಟಿ, ಹೊರಗಿನದ್ದು. ನಡುವಿನದ್ದನ್ನು ಬಿಟ್ಟು ಮೇಲಿಂದ ಹೊಳೆಯುವ ಶೀಟ್ ಹೊಡೆದು ಕೊಟ್ಟವರನ್ನು ನಾನು ನೋಡಿದ್ದೇನೆ. ನೋಡಲು ಚಂದ, ಹೊಂಡಕ್ಕೆ ಬಿದ್ದರೆ ಎರಡು ತುಂಡು.

ವೆಲ್ಡಿಂಗ್ ಸಿಒಟು ಮಿಗ್‌ನಲ್ಲೇ (ಗ್ಯಾಸ್ ಬಿಡುತ್ತಾ ವೈರ್ ತಾನೇ ಬರುವ ಮೆಷಿನ್). ಒಂದೇ ಗೆರೆ ಎಳೆದರೆ ತಗಡು ಬಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ. ಪೆಟ್ರೋಲ್ ಟ್ಯಾಂಕ್ ತೆಗೆದು ದೂರ ಇಡಿ.

ಮಲ್ಪೆ ದಕ್ಕೆ · ಮಾರ್ಚ್ 16

ಟರ್ನ್‌ಬಕಲ್ ಕೊಂಡುಕೊಳ್ಳಬೇಡಿ. ಬೋಟಿನಿಂದ ಬಿಚ್ಚಿದ್ದು ನನ್ನಲ್ಲಿ ನಾಲ್ಕು ಉಂಟು. ಮಂಗಳೂರು ಬಸ್ಸಿನಲ್ಲಿ ಕಳಿಸುತ್ತೇನೆ, ಕಂಡಕ್ಟರ್ ಹತ್ತಿರ ಇಳಿಸಿಕೊಳ್ಳಿ.

ದುಬಾಯಿ ರಿಟರ್ನ್ · ಮಾರ್ಚ್ 17

ಜಿಪ್ಸಿ ಎಂಜಿನ್ ಮಾತು ನಾನು ಇನ್ನು ಎತ್ತುವುದಿಲ್ಲ. ನನ್ನ ಮಿಗ್ ಮೆಷಿನ್ ಮನೆಯಲ್ಲಿ ಸುಮ್ನೆ ಬಿದ್ದಿದೆ. ಬೇಕಾದರೆ ಎರಡು ತಿಂಗಳು ಇಟ್ಟುಕೊಳ್ಳಿ. ಗ್ಯಾಸ್ ಸಿಲಿಂಡರ್ ನಿಮ್ಮದು.

ಕೆಮಿಸ್ಟ್ರಿ ಮಿಸ್ · ಮಾರ್ಚ್ 17

ಗ್ಯಾಲ್ವನೈಸ್ಡ್ ಶೀಟ್ ತಂದಿದ್ದರೆ ವೆಲ್ಡ್ ಮಾಡುವ ಅಂಚಿನ ಸತುವನ್ನು ಮೊದಲು ಉಜ್ಜಿ ತೆಗೆಯಿರಿ. ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗುವುದಿಲ್ಲ ಎಂಬ ಮಾತು ನಂಬಬೇಡಿ.

ಕಾರ್ಕಳ ಬಸ್ಸು · ಮಾರ್ಚ್ 17

ನಮ್ಮಲ್ಲಿ ಬಾಳೆಹಣ್ಣು ಎಂದು ಹೇಳುತ್ತಾರೆ.

ಕೆಮಿಸ್ಟ್ರಿ ಮಿಸ್ · ಮಾರ್ಚ್ 17

ಅದನ್ನೂ ನಂಬಬೇಡಿ. 🙏

ಮೂಡುಬಿದಿರೆ_ಹುಡುಗ · ಏಪ್ರಿಲ್ 27

ಎಡ ಸಿಲ್ ಕೂತಿತು! ಹದಿನೆಂಟು ದಿನ ಟರ್ನ್‌ಬಕಲ್ ತಿರುಗಿಸಿದೆ. ಪಡೀಲಿನಿಂದ ಟಿಂಕರ್ ಅವರೇ ಎರಡು ಆದಿತ್ಯವಾರ ಬಂದು ಮೂರು ಪದರವನ್ನೂ ಕೂರಿಸಿಕೊಟ್ಟರು. ನಾನು ಕಲಿಯಲಿ ಎಂದು ಮೊದಲು ಹಾಳು ತಗಡಿನ ಮೇಲೆ ಒಂದು ವಾರ ಚುಕ್ಕಿ ಇಡಿಸಿದರು. ದುಡ್ಡು ಮುಟ್ಟಲಿಲ್ಲ, ಕೋಳಿ ಸುಕ್ಕ ಮಾತ್ರ ಮುಟ್ಟಿದರು. ಬಾಗಿಲು ಈಗ ಒಂದೇ ಬೆರಳಲ್ಲಿ ಮುಚ್ಚುತ್ತದೆ. ನಾನು ದಿನಾ ಸುಮ್ನೆ ಹೋಗಿ ಮುಚ್ಚಿ ತೆಗೆದು ಬರುತ್ತೇನೆ.

ಎಂಜಿನ್ ಕೂಡ ತಿರುಗಿತು ಮಾಮ. ಪುಲ್ಲಿ ಮುಂದೆ ಬರುವುದಿಲ್ಲ.

ಅಂಡೆಪಿರ್ಕಿ_19 · ಏಪ್ರಿಲ್ 27

ಪತ್ತನಾಜೆಗೆ ಇನ್ನು ಒಂದು ತಿಂಗಳೂ ಇಲ್ಲ. ಬಲ ಸಿಲ್?

ಮೂಡುಬಿದಿರೆ_ಹುಡುಗ · ಏಪ್ರಿಲ್ 27

ಅದೇ ಚಿಂತೆ. ಗಡಿಬಿಡಿಯಲ್ಲಿ ಅದನ್ನೂ ಕೊಯ್ಯುವುದಾ?

ಮಲ್ಪೆ ದಕ್ಕೆ · ಏಪ್ರಿಲ್ 28

ಮುಟ್ಟಬೇಡಿ. ಈಗ ತೆರೆದರೆ ಇಡೀ ಮಳೆಗಾಲ ಅದು ತೆರೆದೇ ಇರುತ್ತದೆ. ಬಲಗಡೆಯ ಹಳೆ ಬಣ್ಣ, ಹಳೆ ತುಕ್ಕು ಎರಡೂ ಹಾಗೇ ಇರಲಿ. ನಲವತ್ತು ವರ್ಷ ಕಾದದ್ದು ಇನ್ನು ನಾಲ್ಕು ತಿಂಗಳು ಕಾಯುತ್ತದೆ. ಎಡಗಡೆಯದ್ದಕ್ಕೆ ಪ್ರೈಮರ್ ಮತ್ತು ಟಾಪ್ ಕೋಟ್ ಮುಗಿಸಿ. ಸಿಲ್ಲಿನ ಅಡಿಯ ನೀರು ಹೋಗುವ ತೂತುಗಳಿಂದ ಮಣ್ಣು ತೆಗೆದು, ಒಳಗೆ ವ್ಯಾಕ್ಸ್ ಹೊಡೆಯಿರಿ. ನಮಗೂ ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳು ದಡದಲ್ಲಿ. ಆಗ ನನ್ನನ್ನು ಯಾರೂ ಹುಡುಕಬೇಡಿ.

ಹೆರಾಲ್ಡ್ ಮಾಮ · ಏಪ್ರಿಲ್ 28

ಮಳೆಗಾಲಕ್ಕೆ ಕೂತು ಮಾಡುವ ಕೆಲಸ ಬೇಕಾದಷ್ಟು ಉಂಟು. ಪೆಟ್ರೋಲ್ ಪೈಪ್ ಎಲ್ಲ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್, ಹಳೆ ರಬ್ಬರನ್ನು ಹಲ್ವದ ಹಾಗೆ ಮೆತ್ತಗೆ ಮಾಡುತ್ತದೆ. ಮತ್ತೆ ಮುಂದಿನ ಚಕ್ರದ ಟ್ರನಿಯನ್ (ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಕೆಳಗಿನ ಕೀಲು) ಬಿಚ್ಚಿ ನೋಡಿ. ನನ್ನ ಹೆರಾಲ್ಡಿಗೂ ಅದೇ ಜಾತಿಯದ್ದು. ಅದಕ್ಕೆ ಗ್ರೀಸ್ ಅಲ್ಲ, ಇಪಿ 90 ಗೇರ್ ಆಯಿಲ್ ಹಾಕಬೇಕು. ಗ್ರೀಸ್ ತುಂಬಿ ತುಂಬಿ ಒಣಗಿಸಿ, ತಿರುಗುವಾಗ ಚಕ್ರ ಮಡಚಿ ಬಿದ್ದ ಹೆರಾಲ್ಡ್‌ಗಳನ್ನು ನಾನು ಎರಡು ನೋಡಿದ್ದೇನೆ.

ಮೂಡುಬಿದಿರೆ_ಹುಡುಗ · ಮೇ 25

ಪತ್ತನಾಜೆ ನಿನ್ನೆ ಕಳೆಯಿತು. ಊರಿನ ಯಕ್ಷಗಾನ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದರು, ನಾನು ಮಾಸ್ಕ್ ಬಿಚ್ಚಿದೆ. ಲೆಕ್ಕ: ಬಾನೆಟ್ಟು ಮತ್ತು ಎಡಗಡೆ ಪೂರ್ತಿ ಪೇಂಟ್. ಬಲಗಡೆ ಹಟ್ಟಿಯಿಂದ ಬಂದ ಹಾಗೇ. ಎಡದಿಂದ ನೋಡಿದರೆ ಮದುಮಗ, ಬಲದಿಂದ ನೋಡಿದರೆ ಗುಜರಿ. ಅಂಗಳ ಖಾಲಿ ಮಾಡಿ ಮತ್ತೆ ಹಟ್ಟಿಗೆ ತಳ್ಳಿದೆವು. ಟರ್ಪಾಲ್ ಹಾಕಿಲ್ಲ. ಗಾಳಿ ಆಡಲಿ ಎಂದು ಎರಡೂ ಬದಿಯ ಸೋಗೆ ತೆಗೆದಿದ್ದೇನೆ. ಮುಂಬಯಿ ಮಾವ ಸಹಿ ಹಾಕಿ ಕಳಿಸಿದರು, ಒಂದು ರೌಂಡ್ ಕೊಡಬೇಕು ಎಂಬ ಷರತ್ತಿನ ಮೇಲೆ. ಹೇಂಟೆ ಮತ್ತೆ ಸೀಟಿಗೆ ಬಂದಿದೆ, ಅದಕ್ಕೆ ಯಾವ ಷರತ್ತೂ ಇಲ್ಲ.

ಮಾಮ, ಟ್ರನಿಯನ್ ಬಿಚ್ಚಿದೆ. ಬಲಗಡೆಯದ್ದು ಪರವಾಗಿಲ್ಲ. ಎಡಗಡೆಯದ್ದರ ಮರೆ (ಸ್ಕ್ರೂವಿನ ತಿರುಪು) ಪೂರ್ತಿ ಸವೆದಿದೆ, ಒಳಗೆ ಕಲ್ಲಾದ ಗ್ರೀಸ್. ಎಡಗಡೆಯದ್ದು ಯಾರಲ್ಲಾದರೂ ಉಂಟಾ? ಮರೆ ಎಡಕ್ಕೆ ಬೇರೆ, ಬಲಕ್ಕೆ ಬೇರೆ ಎಂದು ಈಗ ಗೊತ್ತಾಯಿತು.

ಹೆರಾಲ್ಡ್ ಮಾಮ · ಮೇ 25

ಒಂದು ಜೊತೆ ಉಂಟು. 1988ರಲ್ಲಿ ಮದ್ರಾಸಿನಿಂದ ತಂದದ್ದು, ಕಾಗದ ಸುತ್ತಿದ್ದನ್ನು ಇನ್ನೂ ಬಿಚ್ಚಿಲ್ಲ. ಆದಿತ್ಯವಾರ ಬಾ, ಊಟಕ್ಕೆ ಇಲ್ಲೇ. ಇಪಿ 90 ನೀನೇ ತಾ.